ಕಬ್ಬು ಕಡಿಯುವವರಿಲ್ಲದ ಒಪ್ಪಂದ: ಬಿಕ್ಕಟ್ಟಿನ ನಂತರ ಸಾಮಾಜಿಕ ಪ್ರಜಾಪ್ರಭುತ್ವದ ಹಾದಿ

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕು ದಿವಾಳಿಯೆದ್ದಾಗ, ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಎಲ್ಲರಿಗೂ ಒಳಿತಾಗುತ್ತದೆ ಎಂಬ ಮೂವತ್ತು ವರ್ಷಗಳ ವಾದವೂ ಜೊತೆಯಲ್ಲೇ ಕುಸಿಯಿತೆಂದು ಬಹಳ ಜನ ಭಾವಿಸಿದ್ದರು. ಇನ್ನು ಯುರೋಪಿನಲ್ಲಿ, ಮಾರುಕಟ್ಟೆಯನ್ನು ಉಳಿಸಿಕೊಂಡೇ ದುಡಿಯುವವರಿಗೆ ಭದ್ರತೆ ಕೊಡಬೇಕೆನ್ನುವ ಸಾಮಾಜಿಕ ಪ್ರಜಾಪ್ರಭುತ್ವವಾದಿ ಪಕ್ಷಗಳಿಗೆ ಒಳ್ಳೆಯ ಕಾಲ ಬರುತ್ತದೆ ಎಂಬ ನಿರೀಕ್ಷೆ ಅಸಹಜವಾದದ್ದೇನೂ ಆಗಿರಲಿಲ್ಲ. ನಡೆದದ್ದು ಮಾತ್ರ ತದ್ವಿರುದ್ಧ. ಗ್ರೀಸಿನ ಪಾಸೋಕ್ ಪಕ್ಷ 2009ರಲ್ಲಿ ಶೇ 43.9ರಷ್ಟು ಮತ ಪಡೆದು ಅಧಿಕಾರಕ್ಕೆ ಬಂದಿತ್ತು. 2015ರ ಜನವರಿಯಲ್ಲಿ ಅದರ ಪಾಲು ಶೇ 4.7ಕ್ಕೆ ಇಳಿಯಿತು. ನೆದರ್ಲೆಂಡ್ಸಿನ ಲೇಬರ್ ಪಕ್ಷ 2012ರಲ್ಲಿ ಶೇ 24.8 ಇದ್ದದ್ದು ಐದೇ ವರ್ಷಗಳಲ್ಲಿ ಶೇ 5.7 ಆಯಿತು. ಫ್ರಾನ್ಸಿನ ಸೋಷಲಿಸ್ಟ್ ಪಕ್ಷದ ಅಭ್ಯರ್ಥಿಗೆ 2022ರ ಅಧ್ಯಕ್ಷೀಯ ಚುನಾವಣೆಯಲ್ಲಿ ಸಿಕ್ಕಿದ್ದು ಶೇ 1.75. ಈ ಪರಂಪರೆಯ ತವರೆಂದೇ ಹೇಳಬಹುದಾದ ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಎಸ್‌ಪಿಡಿ 1998ರಲ್ಲಿ ಶೇ 40.9 ಮತ ಗಳಿಸಿತ್ತು. 2025ರ ಫೆಬ್ರವರಿಯಲ್ಲಿ ಶೇ 16.4ಕ್ಕೆ ನಿಂತಿತು.

ಈ ಸೋಲಿಗೆ ವಲಸೆಯ ಕುರಿತ ಆತಂಕ, ರಾಷ್ಟ್ರೀಯತೆಯ ಅಬ್ಬರ, ಹೊಸ ಬಲಪಂಥದ ಏಳಿಗೆ ಎಂಬ ಕಾರಣಗಳನ್ನು ಸಾಮಾನ್ಯವಾಗಿ ಕೊಡಲಾಗುತ್ತದೆ. ಅವು ಸುಳ್ಳಲ್ಲ. ಆದರೆ ಅವೆಲ್ಲಕ್ಕಿಂತ ಹಿಂದಿನ ಕಾರಣವೊಂದಿದೆ ಎಂಬುದು ನನ್ನ ಅಭಿಪ್ರಾಯ. ಒಬ್ಬರ ಹಿತ ಇನ್ನೊಬ್ಬರ ಹಿತಕ್ಕೆ ಅಡ್ಡ ಬರುವ ದುಡಿಯುವ ವರ್ಗಗಳು ತಮ್ಮ ತಮ್ಮ ಸಂಘಟನೆಗಳ ಮೂಲಕ ಎದುರುಬದುರು ಕುಳಿತು ಮಾಡಿಕೊಂಡ ಒಪ್ಪಂದದಿಂದ ಸಾಮಾಜಿಕ ಪ್ರಜಾಪ್ರಭುತ್ವ ಬಲ ಪಡೆದಿತ್ತು. ಕಾಲಕ್ರಮದಲ್ಲಿ ಆ ಸಂಘಟನೆಗಳು ಸೊರಗಿ, ಉಳಿದದ್ದು ಸರ್ಕಾರದ ಬೊಕ್ಕಸ ಮಾತ್ರ. ಬೊಕ್ಕಸ ಬರಿದಾದ ದಿನ ಪಕ್ಷಗಳ ಕೈಯೂ ಬರಿದಾಯಿತು. ಇದನ್ನು ಒಪ್ಪಿದರೆ, ಈ ರಾಜಕಾರಣದ ಮುಂದಿನ ದಿನಗಳನ್ನು ಕುರಿತ ಪ್ರಶ್ನೆ ಬರ್ಲಿನ್, ಅಥೆನ್ಸ್‌ಗಳಿಗೆ ಎಷ್ಟು ಸೇರಿದ್ದೋ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಿಗೂ ಅಷ್ಟೇ ಸೇರಿದ್ದು ಎಂದು ಹೇಳಬೇಕಾಗುತ್ತದೆ. ಅದನ್ನು ವಿವರಿಸಲು ಮೊದಲು 1930ರ ದಶಕಕ್ಕೆ ಹೋಗಬೇಕು.

ಅಂದಿನ ಸ್ವೀಡನ್ ಈಗ ನಾವು ಕಲ್ಪಿಸಿಕೊಳ್ಳುವ ಶ್ರೀಮಂತ, ಶಾಂತ ದೇಶವಾಗಿರಲಿಲ್ಲ. 1931ರಲ್ಲಿ ಓಡಾಲೆನ್ ಎಂಬಲ್ಲಿ ಕಾರ್ಮಿಕರ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿ ಐವರು ಸತ್ತಿದ್ದರು. ಜಾಗತಿಕ ಕುಸಿತದಿಂದ ಕಾರ್ಖಾನೆಗಳು ಮುಚ್ಚಿ ನಿರುದ್ಯೋಗ ಏರಿತ್ತು. ಹಾಲು, ಬೆಣ್ಣೆ, ಧಾನ್ಯದ ಬೆಲೆ ಬಿದ್ದು ರೈತರು ಸಾಲದಲ್ಲಿ ಮುಳುಗಿದ್ದರು. 1932ರಲ್ಲಿ ಪೆರ್ ಆಲ್ಬಿನ್ ಹಾನ್ಸನ್ ನೇತೃತ್ವದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಸರ್ಕಾರ ರಚಿಸಿತಾದರೂ ಅದಕ್ಕೆ ಬಹುಮತವಿರಲಿಲ್ಲ. ಕಾರ್ಮಿಕರಿಗೆ ಅಗ್ಗದ ಆಹಾರ ಬೇಕು, ಆದ್ದರಿಂದ ಕೃಷಿ ಉತ್ಪನ್ನಗಳ ಬೆಲೆಯನ್ನು ಕೃತಕವಾಗಿ ಏರಿಸಬಾರದು ಎಂಬುದು ಆ ಪಕ್ಷದ ಬಹುಕಾಲದ ನಿಲುವಾಗಿತ್ತು. ರೈತರ ಪಕ್ಷಕ್ಕೋ, ಸರ್ಕಾರಿ ಕಾಮಗಾರಿಗಳಲ್ಲಿ ಒಳ್ಳೆಯ ಕೂಲಿ ಕೊಟ್ಟರೆ ಹೊಲಕ್ಕೆ ಆಳು ಸಿಗುವುದಿಲ್ಲ ಎಂಬ ಭಯ. ನಮ್ಮ ಕಡೆಯ ರೈತರ ಬಾಯಲ್ಲಿ ಉದ್ಯೋಗ ಖಾತ್ರಿಯ ಬಗ್ಗೆ ಇದೇ ದೂರನ್ನು ಕೇಳಿದವರಿಗೆ ಈ ಭಯ ಹೊಸದೆನಿಸಲಾರದು.

1933ರ ಮೇ ತಿಂಗಳಲ್ಲಿ ಎರಡೂ ಪಕ್ಷಗಳು ಕೊಟ್ಟು ಪಡೆಯುವ ತೀರ್ಮಾನಕ್ಕೆ ಬಂದವು. ಕಾರ್ಮಿಕರ ಪಕ್ಷ ಕೃಷಿ ಬೆಲೆಗಳಿಗೆ ಸರ್ಕಾರದ ಬೆಂಬಲವನ್ನು ಒಪ್ಪಿಕೊಂಡಿತು. ರೈತರ ಪಕ್ಷ ಸರ್ಕಾರಿ ಕಾಮಗಾರಿಗಳಲ್ಲಿ ಮಾರುಕಟ್ಟೆಯ ದರದ ಕೂಲಿ ಕೊಡುವುದನ್ನು ಒಪ್ಪಿಕೊಂಡಿತು. ವಿರೋಧಿಗಳು ಅದನ್ನು ದನದ ವ್ಯಾಪಾರವೆಂದು ಹೀಗಳೆದರು. ಆದರೆ ಮುಂದಿನ ನಾಲ್ಕು ದಶಕಗಳ ಸ್ವೀಡನ್ನಿನ ಅಡಿಪಾಯ ಅಲ್ಲಿ ಬಿತ್ತು. ಮರುವರ್ಷ ಬಂದ ಕಾಯ್ದೆ ಕಾರ್ಮಿಕ ಸಂಘಗಳೇ ನಡೆಸುವ ನಿರುದ್ಯೋಗ ವಿಮೆಗೆ ಸರ್ಕಾರದ ನೆರವು ಒದಗಿಸಿತು. ಹೀಗಾಗಿ ಕೆಲಸ ಕಳೆದುಕೊಂಡವನಿಗೆ ಸಂಘದೊಂದಿಗಿನ ನಂಟು ಕಡಿದುಹೋಗದೆ ಇನ್ನಷ್ಟು ಗಟ್ಟಿಯಾಯಿತು. 1938ರಲ್ಲಿ ಸಾಲ್ಟ್‌ಶೋಬಾಡೆನ್‌ನಲ್ಲಿ ಕಾರ್ಮಿಕ ಒಕ್ಕೂಟ ಮತ್ತು ಮಾಲೀಕರ ಒಕ್ಕೂಟಗಳು ವೇತನದ ಮಾತುಕತೆ ಹೇಗೆ ನಡೆಯಬೇಕು ಎಂಬುದಕ್ಕೆ ನಿಯಮಗಳನ್ನು ಮಾಡಿಕೊಂಡವು. ಡೆನ್ಮಾರ್ಕಿನಲ್ಲೂ ಇಂಥದೇ ಒಪ್ಪಂದ 1933ರ ಜನವರಿ 30ರಂದು ಆಯಿತು. ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದದ್ದು ಅದೇ ದಿನ.

ಈ ಕಾಕತಾಳೀಯದ ಹಿಂದೆ ಗಂಭೀರವಾದ ಪಾಠವಿದೆ. ಜರ್ಮನಿಯಲ್ಲೂ ಬಲಿಷ್ಠ ಕಾರ್ಮಿಕ ಸಂಘಗಳಿದ್ದವು, ದೊಡ್ಡ ಸಾಮಾಜಿಕ ಪ್ರಜಾಪ್ರಭುತ್ವವಾದಿ ಪಕ್ಷವಿತ್ತು. ಆದರೆ ಹರ್ಮನ್ ಮ್ಯೂಲರ್ ಅವರ ಸಮ್ಮಿಶ್ರ ಸರ್ಕಾರ 1930ರ ಮಾರ್ಚ್‌ನಲ್ಲಿ ಬಿದ್ದದ್ದು ನಿರುದ್ಯೋಗ ವಿಮೆಯ ವಂತಿಗೆಯನ್ನು ಎಷ್ಟು ಏರಿಸಬೇಕು ಎಂಬ ಜಗಳದಲ್ಲಿ. ಸಾಲದಲ್ಲಿದ್ದ ಸಣ್ಣ ರೈತನಿಗೆ ಆ ಪಕ್ಷ ಹೇಳುವಂಥದ್ದು ಹೆಚ್ಚೇನೂ ಇರಲಿಲ್ಲ. ಉತ್ತರದ ಹಳ್ಳಿಗಳ ಮತಗಳು ನಾಜಿಗಳ ಕಡೆಗೆ ಹರಿದವು. ಬಿಕ್ಕಟ್ಟು ಎರಡೂ ಕಡೆ ಒಂದೇ ಆಗಿತ್ತು. ಸ್ಕ್ಯಾಂಡಿನೇವಿಯಾದಲ್ಲಿ ರೈತ ಮತ್ತು ಕಾರ್ಮಿಕ ಪರಸ್ಪರರ ಕಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ವ್ಯತ್ಯಾಸ ಮಾಡಿತು.

ಎರಡನೇ ಮಹಾಯುದ್ಧದ ನಂತರದ ಕಥೆ ಬಹುಮಟ್ಟಿಗೆ ಪರಿಚಿತ. ಬ್ರಿಟನ್ನಿನಲ್ಲಿ ಸಾಮಾಜಿಕ ಭದ್ರತೆಯ ರೂಪುರೇಷೆ ಕೊಟ್ಟ 1942ರ ಬೆವರಿಜ್ ವರದಿ, 1948ರ ರಾಷ್ಟ್ರೀಯ ಆರೋಗ್ಯ ಸೇವೆ. ನಂತರ 1973ರ ತೈಲ ಬಿಕ್ಕಟ್ಟು. 1981ರಲ್ಲಿ ಗೆದ್ದ ಫ್ರಾನ್ಸಿನ ಸೋಷಲಿಸ್ಟ್ ಅಧ್ಯಕ್ಷ ಮಿತ್ತರಾಂ ಎರಡೇ ವರ್ಷಗಳಲ್ಲಿ ಖರ್ಚು ಕಡಿತದ ಹಾದಿ ಹಿಡಿಯಬೇಕಾದದ್ದು. 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಟೋನಿ ಬ್ಲೇರ್ ಮತ್ತು ಜರ್ಮನಿಯ ಗೆರ್ಹಾರ್ಡ್ ಶ್ರೋಡರ್ ಮಾರುಕಟ್ಟೆಯನ್ನೂ ಕಲ್ಯಾಣವನ್ನೂ ಕೂಡಿಸುವ ‘ಮೂರನೆಯ ದಾರಿ’ಯ ಮಾತಾಡಿದ್ದು. ಕೊನೆಯ ಹಂತದಲ್ಲಿ ಒಂದು ಬದಲಾವಣೆ ಆಯಿತು. ಹಣಕಾಸು ವಲಯ ಬೆಳೆಯಲಿ, ಅದರಿಂದ ಬರುವ ತೆರಿಗೆಯಿಂದ ಶಾಲೆ, ಆಸ್ಪತ್ರೆ ನಡೆಸೋಣ ಎಂಬ ಲೆಕ್ಕಾಚಾರ ಬಂದಿತು. ಜರ್ಮನಿಯಲ್ಲಿ 2003ರಿಂದ ಜಾರಿಗೆ ಬಂದ ‘ಅಜೆಂಡಾ 2010’ ಸುಧಾರಣೆಗಳು ನಿರುದ್ಯೋಗ ಭತ್ಯೆಯನ್ನು ಮೊಟಕುಗೊಳಿಸಿ, ಕಡಿಮೆ ಕೂಲಿಯ ಕೆಲಸಗಳನ್ನು ಹೆಚ್ಚಿಸಿದವು. ಅದನ್ನು ಮಾಡಿದ್ದು ಕಾರ್ಮಿಕರ ಪಕ್ಷವೇ. ಕಾರ್ಮಿಕ ಸಂಘಗಳೊಂದಿಗೆ ಅದಕ್ಕಿದ್ದ ನಂಟು ಅಂದು ಸಡಿಲಗೊಂಡದ್ದು ಮತ್ತೆ ಮೊದಲಿನಂತಾಗಲಿಲ್ಲ.

ಆದ್ದರಿಂದ 2008ರ ಹೊಡೆತ ಬಿದ್ದಾಗ ಈ ಪಕ್ಷಗಳು ಆಗಲೇ ಒಳಗಿನಿಂದ ಬಡವಾಗಿದ್ದವು. ಬ್ಯಾಂಕುಗಳನ್ನು ಉಳಿಸಲು ಮತ್ತು ಕುಸಿದ ಆರ್ಥಿಕತೆಯನ್ನು ಎತ್ತಿ ನಿಲ್ಲಿಸಲು ಸರ್ಕಾರಗಳು ಸಾಲ ಮಾಡಿದವು. ಬ್ಯಾಂಕುಗಳ ಬಿಕ್ಕಟ್ಟು ಸರ್ಕಾರಗಳ ಸಾಲದ ಬಿಕ್ಕಟ್ಟಾಗಿ ಮಾರ್ಪಟ್ಟಿತು. ಗ್ರೀಸಿನ ಸಮಸ್ಯೆಗೆ ಅದರದೇ ಹಳೆಯ ಸಾಲದ ಬೇರುಗಳೂ ಇದ್ದವು. ಯೂರೋ ಕರೆನ್ಸಿಯೊಳಗಿದ್ದ ಆ ದೇಶಕ್ಕೆ ತನ್ನ ಹಣದ ಮೌಲ್ಯವನ್ನು ಇಳಿಸಿಕೊಳ್ಳುವ ಅವಕಾಶ ಇರಲಿಲ್ಲ. 2010ರಲ್ಲಿ 110 ಶತಕೋಟಿ ಯೂರೋ ನೆರವಿನ ಜೊತೆಗೆ ಬಂದ ಷರತ್ತುಗಳ ಪ್ರಕಾರ ಪಿಂಚಣಿ ಮತ್ತು ವೇತನಗಳನ್ನು ಕತ್ತರಿಸುವ ಕೆಲಸ ಪಾಸೋಕ್ ಸರ್ಕಾರದ ಪಾಲಿಗೆ ಬಂತು. ಇಂಥ ಕಠಿಣ ಹೊತ್ತಿನಲ್ಲಿ ಯಾರ ಮೇಲೆ ಎಷ್ಟು ಭಾರ ಬೀಳಬೇಕು ಎಂಬುದನ್ನು ದುಡಿಯುವವರೊಂದಿಗೆ ಕುಳಿತು ಚರ್ಚಿಸುವ ಸ್ಥಿತಿ ಅಲ್ಲಿರಲಿಲ್ಲ.

ಇದಕ್ಕೆ ಅಪವಾದಗಳಿವೆ, ಮತ್ತು ಅವು ಮುಖ್ಯವಾದವು. ಸ್ಪೇನಿನಲ್ಲಿ ಪೆದ್ರೊ ಸಾಂಚೆಸ್ ಅವರ ಸರ್ಕಾರ ಕನಿಷ್ಠ ವೇತನವನ್ನು 2018ರಲ್ಲಿ ತಿಂಗಳಿಗೆ 736 ಯೂರೋ ಇದ್ದದ್ದರಿಂದ 2025ರ ಹೊತ್ತಿಗೆ 1,184 ಯೂರೋಗೆ ಏರಿಸಿತು. ಅದಕ್ಕಿಂತ ದೊಡ್ಡ ಸಾಧನೆ ಎಂದರೆ ತಾತ್ಕಾಲಿಕ ಗುತ್ತಿಗೆಗಳ ಹಾವಳಿಯನ್ನು ಕಡಿಮೆ ಮಾಡಿದ ಕಾರ್ಮಿಕ ಕಾಯ್ದೆಯ ತಿದ್ದುಪಡಿ. 2021ರ ಡಿಸೆಂಬರ್‌ನಲ್ಲಿ ಕಾರ್ಮಿಕ ಸಂಘಗಳು, ಮಾಲೀಕರ ಒಕ್ಕೂಟಗಳು ಮತ್ತು ಸರ್ಕಾರ ಮೂವರೂ ಒಪ್ಪಿದ ಮೇಲೆ ಅದು ಸಂಸತ್ತಿಗೆ ಹೋಯಿತು. ಅಲ್ಲಿ 175–174ರ ಅಂತರದಲ್ಲಿ, ಅಂದರೆ ಒಂದೇ ಮತದಿಂದ, ಪಾಸಾಯಿತು. ಸಂಸತ್ತಿನಲ್ಲಿ ಅಷ್ಟು ದುರ್ಬಲವಾಗಿದ್ದ ಸುಧಾರಣೆ ಕಾರ್ಖಾನೆ ಮತ್ತು ಹೋಟೆಲುಗಳಲ್ಲಿ ಬೇರುಬಿಟ್ಟದ್ದಕ್ಕೆ ಆ ಮೊದಲಿನ ಒಪ್ಪಿಗೆ ಕಾರಣ ಎಂದು ನಾನು ನಂಬುತ್ತೇನೆ.

ಈಗ ನಮ್ಮ ಕಡೆಗೆ ಬರೋಣ. ಭಾರತದ ದುಡಿಯುವವರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಮಂದಿ ಅಸಂಘಟಿತರು. 2020ರ ಮಾರ್ಚ್ 25ರಿಂದ ದೇಶ ಸ್ತಬ್ಧವಾದಾಗ ಇದರ ಅರ್ಥ ಏನು ಎಂಬುದನ್ನು ವಿಜಯಪುರ ಜಿಲ್ಲೆಯ ತಾಂಡಾಗಳು ಮತ್ತು ಖುಷ್ಕಿ ಹಳ್ಳಿಗಳು ಕಣ್ಣಾರೆ ಕಂಡವು. ಗೋವಾ ಮತ್ತು ಮಹಾರಾಷ್ಟ್ರಕ್ಕೆ ದುಡಿಯಲು ಹೋದವರು ಕೂಲಿ ಇಲ್ಲದೆ, ವಾಹನವಿಲ್ಲದೆ ಊರಿಗೆ ಮರಳಿದರು. ಆ ವರ್ಷದ ಏಪ್ರಿಲ್‌–ಜೂನ್ ತ್ರೈಮಾಸಿಕದಲ್ಲಿ ದೇಶದ ಉತ್ಪನ್ನ ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಕುಸಿದಿತ್ತು. ರಬಕವಿ-ಬನಹಟ್ಟಿ, ತೇರದಾಳ, ಮಹಾಲಿಂಗಪುರದ ಓಣಿಗಳಲ್ಲಿ ಮಗ್ಗಗಳ ಸದ್ದು ನಿಂತಿತು. ಕಚ್ಚಾ ನೂಲು ತಂದು, ಕೂಲಿಗೆ ನೇಯಿಸುವ ಈ ಉದ್ಯಮದಲ್ಲಿ ಮಾಲೀಕನಿಗೂ ಕೂಲಿ ನೇಕಾರನಿಗೂ ನಡುವೆ ಲಿಖಿತ ಕರಾರು ಇರುವುದು ಅಪರೂಪ. ಹಾಗಾಗಿ ಕೆಲಸ ನಿಂತ ದಿನಕ್ಕೆ ಯಾರು ಹೊಣೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರೂ ಇರುವುದಿಲ್ಲ. ಆ ಸಂಕಟದಲ್ಲಿ ಜನರಿಗೆ ಆಸರೆಯಾದದ್ದು ಪಡಿತರ ಅಕ್ಕಿ ಮತ್ತು 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿಯ ಕೆಲಸ.

ಕರ್ನಾಟಕದಲ್ಲಿ 2023ರಿಂದ ಬಂದಿರುವ ಗ್ಯಾರಂಟಿಗಳನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರುವುದನ್ನು ಬಿಟ್ಟಿ ಭಾಗ್ಯ ಎಂದು ಕರೆಯುವುದು ಅನ್ಯಾಯ. ಕೈಯಲ್ಲಿ ನಾಲ್ಕು ಕಾಸಿರುವ ಹೆಣ್ಣುಮಗಳು ತೀರ ಕಡಿಮೆ ಕೂಲಿಯ ಕೆಲಸವನ್ನು ಬೇಡವೆನ್ನಬಲ್ಲಳು. ಕೂಲಿ ಮಾರುಕಟ್ಟೆಯಲ್ಲಿ ಅದು ಸಣ್ಣ ಬಲವಲ್ಲ. ಆದರೆ ವರ್ಷಕ್ಕೆ ಸುಮಾರು 50 ಸಾವಿರ ಕೋಟಿ ರೂಪಾಯಿ ಬೇಡುವ ಈ ಯೋಜನೆಗಳು ಯಾವ ಸಂಘಟನೆಯ ಮೂಲಕವೂ ಹರಿಯುವುದಿಲ್ಲ. ಹಣ ಬೆಂಗಳೂರಿನಿಂದ ನೇರವಾಗಿ ಖಾತೆಗೆ ಬರುತ್ತದೆ. ಅದು ಒಂದು ತಿಂಗಳು ತಡವಾದರೆ ಪ್ರತಿಯೊಬ್ಬಳೂ ಒಂಟಿಯಾಗಿ ಬ್ಯಾಂಕಿಗೆ ಹೋಗಿ ವಿಚಾರಿಸಬೇಕು. ನಾಳೆ ಇನ್ನೊಂದು ಬಿಕ್ಕಟ್ಟು ಬಂದು ತೆರಿಗೆ ವರಮಾನ ಕುಸಿದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಕಡಿತಗೊಳಿಸಬೇಕು ಎಂಬ ತೀರ್ಮಾನದಲ್ಲಿ ಅವಳ ಮಾತು ಎಲ್ಲಿಯೂ ಇರುವುದಿಲ್ಲ. ಪಾಸೋಕ್‌ನ ಕಥೆಯಿಂದ ನಾವು ಕಲಿಯಬೇಕಾದದ್ದು ಇದನ್ನು.

ಹಾಗಾದರೆ ಒಪ್ಪಂದದ ರಾಜಕಾರಣ ನಮ್ಮಲ್ಲಿ ಇಲ್ಲವೇ? ಇದೆ, ಮತ್ತು ಅದು ಗಟ್ಟಿಯಾಗಿಯೇ ಇದೆ. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನ ನೀರು ಹರಿದ ಮಲಪ್ರಭಾ ಅಚ್ಚುಕಟ್ಟಿನಲ್ಲಿ, ನೀರಾವರಿ ಬಂದ ಜಮೀನಿನ ಮೇಲೆ ಸರ್ಕಾರ ಹಾಕಿದ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಸಿಟ್ಟು 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಸ್ಫೋಟಿಸಿತು. ರಾಜ್ಯದ ರೈತ ಚಳವಳಿಗೆ ಅದು ಹೊಸ ಜೀವ ಕೊಟ್ಟಿತು. ಅದರ ವಾರಸುದಾರರೇ 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕುಳಿತು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿದರು. ಕೊನೆಗೆ ಮುಖ್ಯಮಂತ್ರಿಗಳು ಕಾರ್ಖಾನೆ ಮಾಲೀಕರೊಂದಿಗೂ ರೈತ ಮುಖಂಡರೊಂದಿಗೂ ಮಾತಾಡಿ 3,300 ರೂಪಾಯಿಗೆ ತೀರ್ಮಾನ ಮಾಡಿದರು: 3,200 ರೂಪಾಯಿ ಮೂಲ ದರ, ಅದರ ಮೇಲೆ ಕಾರ್ಖಾನೆಗಳಿಂದ 50, ಸರ್ಕಾರದಿಂದ 50. ರೈತ, ಉದ್ಯಮ, ಸರ್ಕಾರ ಮೂವರೂ ಕೂಡಿ ಬೆಲೆ ನಿಗದಿ ಮಾಡಿದ ಈ ರೀತಿ 1930ರ ದಶಕದ ಸ್ಕ್ಯಾಂಡಿನೇವಿಯಾಕ್ಕೆ ಅಪರಿಚಿತವೇನಲ್ಲ. ಬೀದಿಯಲ್ಲಿ ಕುಳಿತ ಜನ ಸರ್ಕಾರವನ್ನೂ ಕಾರ್ಖಾನೆಯನ್ನೂ ಮಾತುಕತೆಗೆ ಎಳೆದು ತಂದದ್ದು ಮೆಚ್ಚತಕ್ಕ ಸಾಧನೆ.

ಆದರೆ ಆ ಕಬ್ಬನ್ನು ಕಡಿಯುವವರು ಮಾತುಕತೆಯಲ್ಲಿ ಇರಲಿಲ್ಲ.

ಕಟಾವಿನ ಗ್ಯಾಂಗುಗಳು ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ, ನಮ್ಮದೇ ವಿಜಯಪುರದ ತಾಂಡಾಗಳಿಂದ, ಬೇರೆ ಬರಪೀಡಿತ ತಾಲ್ಲೂಕುಗಳಿಂದ ಬರುತ್ತವೆ. ಮಳೆಗಾಲದಲ್ಲೇ ಮುಕಾದಮನಿಂದ, ಅಂದರೆ ಕೂಲಿಕಾರರನ್ನು ಒದಗಿಸುವ ಗುತ್ತಿಗೆದಾರನಿಂದ, ಮುಂಗಡ ಪಡೆದು, ದಸರೆ-ದೀಪಾವಳಿಯ ಹೊತ್ತಿಗೆ ಮಕ್ಕಳುಮರಿಯೊಂದಿಗೆ ಟ್ರ್ಯಾಕ್ಟರ್ ಏರಿ ಬಂದು, ಹೊಲದ ಬದುವಿನಲ್ಲೋ ಕಾರ್ಖಾನೆಯ ಅಂಚಿನಲ್ಲೋ ಗುಡಿಸಲು ಹಾಕಿಕೊಳ್ಳುತ್ತಾರೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ ಎಂಬ ಲೆಕ್ಕ; ಕೂಲಿ ಟನ್ನಿಗೆ ಇಷ್ಟೆಂದು ಆ ಜೋಡಿಗೆ, ಹೆಂಗಸಿನ ಹೆಸರಿನಲ್ಲಿ ಪ್ರತ್ಯೇಕ ಕೂಲಿಯೇ ಇಲ್ಲ. ಒಂದು ದಿನ ತಪ್ಪಿದರೆ ದಂಡ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಮಹಿಳೆಯರಲ್ಲಿ ಅನೇಕರು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡಿರುವುದು 2019ರಲ್ಲಿ ದೊಡ್ಡ ಸುದ್ದಿಯಾಗಿ, ಮಹಾರಾಷ್ಟ್ರ ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಅವರಲ್ಲಿ ಯಾರಾದರೂ ಕಡಿದ ಕಬ್ಬು ಬೆಳಗಾವಿಯ ಸಕ್ಕರೆಯೊಳಗೂ ಇರಬಹುದು ಎಂಬುದನ್ನು ನಾವು ಮರೆಯಬಾರದು.

ಇಲ್ಲಿ ರೈತನನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ, ಆದರೆ ತಪ್ಪು. ಕಟಾವು ಮತ್ತು ಸಾಗಣೆಯ ವೆಚ್ಚ ಕಬ್ಬಿನ ಬೆಲೆಯಿಂದಲೇ ಕಡಿತವಾಗುತ್ತದೆ. ಆದ್ದರಿಂದ ಕೂಲಿ ಏರಿದರೆ ಎರಡು ಮೂರು ಎಕರೆಯ ರೈತನ ಕೈಗೆ ಬರುವ ಹಣ ನೇರವಾಗಿ ಇಳಿಯುತ್ತದೆ. ಹಂಗಾಮಿನ ನಡುವೆ ಗ್ಯಾಂಗು ಬಾರದೆ ಕಬ್ಬು ಹೊಲದಲ್ಲೇ ಒಣಗುವ ಭಯವೂ ಅವನದೇ. ಬೇಗ ಕಡಿಸಬೇಕೆಂದರೆ ಮೇಲುಕಾಸು ಕೊಡಬೇಕಾದದ್ದೂ ಅವನೇ. ಕಾರ್ಖಾನೆಗಳಿಗೂ ತಮ್ಮ ವಾದವಿದೆ: ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು ಕೇಂದ್ರ ಸರ್ಕಾರ 2019ರ ಫೆಬ್ರವರಿಯಲ್ಲಿ ಕಿಲೋಗೆ 31 ರೂಪಾಯಿ ಎಂದು ನಿಗದಿ ಮಾಡಿತು, ಆದರೆ ಕಬ್ಬಿನ ಎಫ್‌ಆರ್‌ಪಿ (ಕಾರ್ಖಾನೆ ರೈತನಿಗೆ ಕೊಡಲೇಬೇಕೆಂದು ಕೇಂದ್ರ ನಿಗದಿ ಮಾಡುವ ಕನಿಷ್ಠ ದರ) ಅಲ್ಲಿಂದೀಚೆಗೆ ಏರುತ್ತ ಬಂದು 2025–26ರ ಹಂಗಾಮಿಗೆ ಶೇ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ ಮುಟ್ಟಿತು. ಈ ವಾದದಲ್ಲಿ ಎಥನಾಲ್, ವಿದ್ಯುತ್ ಮುಂತಾದ ಉಪ ಉತ್ಪನ್ನಗಳ ಆದಾಯವನ್ನು ಎಷ್ಟು ತೋರಿಸುತ್ತಾರೆ, ಎಷ್ಟು ಬಿಡುತ್ತಾರೆ ಎಂಬುದೇ ರೈತರ ದೊಡ್ಡ ತಕರಾರು. ಅದು ನ್ಯಾಯವಾದ ತಕರಾರು. ಎಫ್‌ಆರ್‌ಪಿ, ಸಕ್ಕರೆಯ ಬೆಲೆ, ಎಥನಾಲ್ ದರ ಮೂರೂ ದೆಹಲಿಯ ಕೈಯಲ್ಲಿರುವಾಗ ರಾಜ್ಯ ಸರ್ಕಾರದ ಒಪ್ಪಂದಗಳಿಗೆ ಒಂದು ಮಿತಿ ಇದ್ದೇ ಇರುತ್ತದೆ; ಹಾನ್ಸನ್ ಅವರಿಗೆ ಇಡೀ ದೇಶದ ಬಜೆಟ್ ಮತ್ತು ಕರೆನ್ಸಿ ಎರಡೂ ಕೈಯಲ್ಲಿದ್ದವು ಎಂಬ ವ್ಯತ್ಯಾಸವನ್ನು ಮರೆತು ಹೋಲಿಕೆಯನ್ನು ಎಳೆಯಬಾರದು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಆಳವಾದದ್ದು. ಸ್ವೀಡನ್ನಿನ ರೈತ ಮತ್ತು ಕಾರ್ಮಿಕರ ನಡುವೆ ಜಾತಿ ಇರಲಿಲ್ಲ. ನಮ್ಮಲ್ಲಿ ಹೊಲದ ಒಡೆಯ ಮತ್ತು ಕಬ್ಬು ಕಡಿಯುವವನ ನಡುವೆ ಬಹಳ ಸಲ ಅದು ಇರುತ್ತದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು, ರಾಜಕೀಯ ಪ್ರಜಾಪ್ರಭುತ್ವದ ತಳದಲ್ಲಿ ಸಾಮಾಜಿಕ ಪ್ರಜಾಪ್ರಭುತ್ವ ಇಲ್ಲದಿದ್ದರೆ ಅದು ಬಾಳಲಾರದು ಎಂದು ಎಚ್ಚರಿಸಿದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ಬಿಡಿಸಲಾಗದ ಒಂದೇ ಬದುಕಿನ ರೀತಿಯಾಗಿ ಅವರು ಕಂಡಿದ್ದರು. ಯುರೋಪಿನ ಪಕ್ಷಗಳ ಚರ್ಚೆಯಲ್ಲಿ ಕೂಲಿ ಮತ್ತು ತೆರಿಗೆಯ ಮಾತು ಬಹಳ ಇದೆ, ಬಂಧುತ್ವದ ಮಾತು ಕಡಿಮೆ. ನಮ್ಮಲ್ಲಿ ಅದನ್ನು ಬಿಟ್ಟು ಮುಂದೆ ಹೋಗಲು ಸಾಧ್ಯವೇ ಇಲ್ಲ. ಒಂದೇ ಜಮಖಾನೆಯ ಮೇಲೆ ಸಮನಾಗಿ ಕೂರಲು ಒಪ್ಪದವರು ಒಪ್ಪಂದವನ್ನಾದರೂ ಹೇಗೆ ಮಾಡಿಕೊಳ್ಳುತ್ತಾರೆ?

ಅಸಂಘಟಿತ ಕೂಲಿಕಾರರನ್ನು ಇಂಥ ವ್ಯವಸ್ಥೆಯೊಳಗೆ ತರುವುದು ಅಸಾಧ್ಯ ಎಂಬ ವಾದಕ್ಕೆ ಉತ್ತರ ಗಡಿಯ ಆಚೆಯೇ ಇದೆ. ಮಹಾರಾಷ್ಟ್ರದ 1969ರ ಮಾಥಾಡಿ ಕಾಯ್ದೆ ಹಮಾಲರಿಗಾಗಿ ಮಂಡಳಿಗಳನ್ನು ರಚಿಸಿತು. ಅವುಗಳಲ್ಲಿ ಕಾರ್ಮಿಕರ, ಮಾಲೀಕರ ಮತ್ತು ಸರ್ಕಾರದ ಪ್ರತಿನಿಧಿಗಳಿರುತ್ತಾರೆ. ಹಮಾಲರ ಟೋಳಿಗಳು ಅಲ್ಲಿ ನೋಂದಣಿಯಾಗುತ್ತವೆ, ವ್ಯಾಪಾರಿ ಕೂಲಿಯನ್ನೂ ಅದರ ಮೇಲಿನ ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾನೆ, ಮಂಡಳಿ ಕೂಲಿ ಹಂಚಿ ಭವಿಷ್ಯ ನಿಧಿ ಮತ್ತು ಗ್ರ್ಯಾಚುಟಿಯನ್ನು ನೋಡಿಕೊಳ್ಳುತ್ತದೆ. ಹಮಾಲನಿಗೆ ಖಾಯಂ ಮಾಲೀಕನಿಲ್ಲ ಎಂಬುದು ಅವನ ಹಕ್ಕಿಗೆ ಅಡ್ಡಿಯಾಗಲಿಲ್ಲ. ನಂತರ ಅದೇ ರಾಜ್ಯ ಕಬ್ಬು ಕಡಿಯುವವರಿಗಾಗಿ ಗೋಪಿನಾಥ ಮುಂಡೆ ಅವರ ಹೆಸರಿನ ಕಲ್ಯಾಣ ನಿಗಮ ಸ್ಥಾಪಿಸಿ, ಕಾರ್ಖಾನೆಗಳಿಂದ ಟನ್ನಿಗೆ 10 ರೂಪಾಯಿ, ಅಷ್ಟೇ ಮೊತ್ತ ಸರ್ಕಾರದಿಂದ ಎಂಬ ವ್ಯವಸ್ಥೆಗೆ ಮುಂದಾಯಿತು. ಕರ್ನಾಟಕ 2025ರಲ್ಲಿ, ಆ್ಯಪ್ ಕಂಪನಿಗಳಿಗೆ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಮಾಡಿದ ಕಾಯ್ದೆಯ ತರ್ಕವೂ ಇದೇ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ವಸೂಲಿ ಮಾಡಬಹುದು. ಬೆಂಗಳೂರಿನ ಡೆಲಿವರಿ ಹುಡುಗನಿಗೆ ಒಪ್ಪಿದ ತತ್ವವನ್ನು ಜಮಖಂಡಿಯ ಹೊಲದಲ್ಲಿ ಕಬ್ಬು ಕಡಿಯುವ ಲಂಬಾಣಿ ಹೆಣ್ಣುಮಗಳಿಗೆ ಯಾಕೆ ಒಪ್ಪಬಾರದು?

ಕರ್ನಾಟಕದ ಕಾರ್ಖಾನೆಗಳು ಒಂದು ಹಂಗಾಮಿನಲ್ಲಿ 5 ಕೋಟಿ ಟನ್ನಿಗೂ ಹೆಚ್ಚು ಕಬ್ಬು ನುರಿಸುತ್ತವೆ. ಕಬ್ಬು ಕಡಿಯುವವರಿಗಾಗಿ ಇಲ್ಲಿಯೂ ಇಂಥ ಮಂಡಳಿ ರಚಿಸಿ, ಅದಕ್ಕೆ ಟನ್ನಿಗೆ 10 ರೂಪಾಯಿ ಸೆಸ್ ಎಂದರೂ 50 ಕೋಟಿ ರೂಪಾಯಿ. ಸರ್ಕಾರ ಅಷ್ಟೇ ಸೇರಿಸಿದರೆ 100 ಕೋಟಿ. ಗ್ಯಾರಂಟಿಗಳ ಮುಂದೆ ಇದು ಸಣ್ಣ ಮೊತ್ತ, ಮತ್ತು ಇದರ ಮೂಲ ಬೊಕ್ಕಸವೊಂದೇ ಅಲ್ಲ, ಉದ್ಯಮವೂ ಹೌದು. ಆದ್ದರಿಂದ ತೆರಿಗೆ ಕುಸಿದ ವರ್ಷದಲ್ಲೂ ಕಬ್ಬು ನುರಿಯುವವರೆಗೆ ನಿಧಿ ತುಂಬುತ್ತಿರುತ್ತದೆ. ಈ ಸೆಸ್ಸನ್ನು ಕಾರ್ಖಾನೆ ಕಬ್ಬಿನ ಬಿಲ್ಲಿನಲ್ಲಿ ರೈತನ ತಲೆಗೆ ಕಟ್ಟದಂತೆ ಕಾಯ್ದೆಯಲ್ಲೇ ಹೇಳಬೇಕು, ಇಲ್ಲದಿದ್ದರೆ ರೈತ ಸಂಘಟನೆಗಳು ಮೊದಲ ದಿನವೇ ವಿರೋಧಿಸುತ್ತವೆ ಮತ್ತು ಅದು ಸಹಜ. ರಾಜ್ಯದ 2013ರ ಕಬ್ಬು ಕಾಯ್ದೆಯಡಿಯ ನಿಯಂತ್ರಣ ಮಂಡಳಿಯಲ್ಲಿ ರೈತರ ಮತ್ತು ಕಾರ್ಖಾನೆಗಳ ಪ್ರತಿನಿಧಿಗಳ ಜೊತೆ ಕಟಾವು ಕಾರ್ಮಿಕರಿಗೂ ಸ್ಥಾನ ಕೊಡಬೇಕು, ಅದರಲ್ಲಿ ಮಹಿಳೆಯರು ಇರಬೇಕು. ಬೀಡ್‌ನಿಂದ ಬರುವವರ ಹಕ್ಕು ಗಡಿ ದಾಟಿದ ಕೂಡಲೇ ಕಳೆದುಹೋಗದಂತೆ ಎರಡೂ ರಾಜ್ಯಗಳ ಮಂಡಳಿಗಳು ಒಂದೇ ನೋಂದಣಿಯನ್ನು ಒಪ್ಪಬೇಕು. ಕೊಲ್ಹಾಪುರ, ಸಾಂಗಲಿಯ ಕಾರ್ಖಾನೆಗಳಿಗೆ ಬೆಳಗಾವಿಯ ಕಬ್ಬು ಹೋಗುವಾಗ ಅಡ್ಡ ಬಾರದ ಗಡಿ ಕೂಲಿಯವರಿಗೆ ಮಾತ್ರ ಅಡ್ಡ ಬರಬೇಕಾಗಿಲ್ಲ. ಮತ್ತು ಈ ನೋಂದಣಿ ಹಂಗಾಮು ಶುರುವಾದ ಮೇಲೆ ಹೊಲದಲ್ಲಿ ನಡೆಯುವಂಥದ್ದಲ್ಲ. ಆಗ ತಡವಾಗಿರುತ್ತದೆ, ಮುಂಗಡದ ಸಾಲ ಅದಾಗಲೇ ಅವರ ಕೈ ಕಟ್ಟಿರುತ್ತದೆ. ಜೂನ್, ಜುಲೈನಲ್ಲಿ ಮುಕಾದಮ ತಾಂಡಾಕ್ಕೆ ಹಣ ಹಿಡಿದು ಬರುವ ಹೊತ್ತಿಗೇ ಮಂಡಳಿಯ ಸಿಬ್ಬಂದಿಯೂ ಅಲ್ಲಿಗೆ ಹೋಗಿ, ಮುಂಗಡ ಎಷ್ಟು, ಟನ್ನಿಗೆ ಕೂಲಿ ಎಷ್ಟು, ಯಾರ ಖಾತೆಗೆ ಎಂಬುದನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು.